ಕಬ್ಬಿಣದ ಮನುಷ್ಯನನ್ನು ಯಾರೂ ಮಾತಾಡಿಸಲಿಲ್ಲ

ಮಕ್ಕಳೇ, ಐರನ್ ಮ್ಯಾನ್ ಅಂದ ಕೂಡಲೇ ನಿಮ್ಮ ಕಣ್ಣಿಗೆ ಬರುವವನು ಕೆಂಪು ಕವಚ ತೊಟ್ಟು ಹಾರಾಡುವ ಸಿನಿಮಾದವನು. ಅವನು 1963ರಲ್ಲಿ ಅಮೆರಿಕದ ಕಾಮಿಕ್ಸ್‌ನಲ್ಲಿ ಹುಟ್ಟಿ, 2008ರಲ್ಲಿ ದೊಡ್ಡ ಸಿನಿಮಾ ಆಗಿ, ಈಗ ನಮ್ಮ ಅಬ್ಬಿಗೇರಿ ಹುಡುಗರ ಪಾಟೀಚೀಲದ ಮೇಲೂ ಕೂತಿದ್ದಾನೆ. ಆದರೆ ಅದೇ ಹೆಸರಿನ ಇನ್ನೊಬ್ಬನಿದ್ದಾನೆ. ಆ ಸಿನಿಮಾ ಮುಗಿದು ಹೆಸರುಗಳು ಬರುವಾಗ ಒಂದು ಗಡಸು ಹಾಡು ಕೇಳುತ್ತದಲ್ಲ, ಅದು ಅವನ ಹಾಡು. ಹೆಸರೊಂದು ಬಿಟ್ಟರೆ ಇಬ್ಬರಿಗೂ ಸಂಬಂಧವಿಲ್ಲ. ನನಗೆ ಇಷ್ಟವಾದವನು ಈ ಎರಡನೆಯವನು.

ಹಾಡು ಬಂದದ್ದು 1970ರಲ್ಲಿ. ಹಾಡಿದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ನಾಲ್ವರು ಹುಡುಗರು, ತಂಡದ ಹೆಸರು ಬ್ಲ್ಯಾಕ್ ಸಬಾತ್. ಕತೆ ಇಷ್ಟು: ಒಬ್ಬಾತ ಕಾಲವನ್ನು ದಾಟಿ ಮುಂದಿನ ದಿನಗಳಿಗೆ ಹೋಗುತ್ತಾನೆ. ಅಲ್ಲಿ ಜಗತ್ತು ಹಾಳಾಗುವುದನ್ನು ಕಾಣುತ್ತಾನೆ. ಜನರಿಗೆ ಹೇಳಿ ಉಳಿಸೋಣ ಎಂದು ಹಿಂದಿರುಗುವಾಗ ಒಂದು ಕಾಂತಶಕ್ತಿಯೊಳಗೆ ಸಿಕ್ಕು ಮೈಯೆಲ್ಲ ಉಕ್ಕಾಗಿಬಿಡುತ್ತದೆ. ಒಳಗೆ ಮನುಷ್ಯ, ಹೊರಗೆ ಕಬ್ಬಿಣ, ಬಾಯಿಗೆ ಮಾತಿಲ್ಲ. ಜನ ಅವನನ್ನು ನೋಡಿ ನಗುತ್ತಾರೆ, ಆಮೇಲೆ ನೋಡುವುದನ್ನೇ ಬಿಡುತ್ತಾರೆ. ಕೊನೆಗೆ ಅವನಿಗೆ ಸಿಟ್ಟು ಬರುತ್ತದೆ. ಯಾವ ಹಾಳನ್ನು ತಪ್ಪಿಸಲು ಬಂದಿದ್ದನೋ ಅದನ್ನು ತಾನೇ ಮಾಡುತ್ತಾನೆ.

ಇದರಲ್ಲಿ ತಪ್ಪು ಕಬ್ಬಿಣದ್ದೋ, ಜನರದ್ದೋ? ಅಜ್ಜ-ಅಜ್ಜಿಯರ ಜೊತೆ ಕೂತು ವಾದ ಮಾಡಿ ನೋಡಿ. ನನ್ನ ಮಟ್ಟಿಗೆ ಕಬ್ಬಿಣಕ್ಕೆ ಯಾವ ಪಾಪವೂ ಗೊತ್ತಿಲ್ಲ.

ಆ ಹಾಡಿನ ಗಿಟಾರ್ ನುಡಿಸಿದವನು ಟೋನಿ ಅಯೋಮಿ. ಅವನ ಕತೆ ಹಾಡಿಗಿಂತ ದೊಡ್ಡದು. ಹದಿನೇಳನೆಯ ವಯಸ್ಸಿಗೆ ಅವನು ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಂದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು, ಇನ್ನು ಹೋಗುವುದಿಲ್ಲ ಎಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ಯಾವ ತಾಯಿಯಾದರೂ ಹಾಗೇ ಹೇಳುತ್ತಾಳೆ. ಮಧ್ಯಾಹ್ನದ ಪಾಳಿಯಲ್ಲಿ ಯಂತ್ರಕ್ಕೆ ಸಿಕ್ಕು ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿ ಹೋದವು. ಅವನು ಎಡಚ, ಗಿಟಾರಿನ ತಂತಿ ಒತ್ತುವುದು ಆ ಬಲಗೈಯಿಂದಲೇ.

ಆಗ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದ. ಜ್ಯಾಂಗೋ ರೈನ್‌ಹಾರ್ಟ್ ಎಂಬವನ ಗಿಟಾರ್. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಕೆಲಸ ಬಿಟ್ಟಿದ್ದರೂ ಉಳಿದ ಬೆರಳುಗಳಲ್ಲೇ ಆತ ಹಾಗೆ ನುಡಿಸುತ್ತಿದ್ದ. ಪುಟ್ಟರಾಜ ಗವಾಯಿಗಳ ಸಂಗೀತ ಕೇಳಿ ಬೆಳೆದ ನಮ್ಮ ಗದಗ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಯೋಮಿ ಮನೆಯಲ್ಲಿದ್ದ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಎರಡು ಬೆರಳಟೊಪ್ಪಿಗೆ ಮಾಡಿಕೊಂಡ. ಅವನ್ನು ತಿಕ್ಕಿ ತಿಕ್ಕಿ ನಯ ಮಾಡಿ, ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಒತ್ತಲು ಹಗುರಾಗಲಿ ಎಂದು ತೆಳ್ಳನೆಯ ತಂತಿ ಹಾಕಿದ. ಕಬ್ಬಿಣದ ಮನುಷ್ಯ ಧಡ್ ಧಡ್ ಎಂದು ನಡೆದು ಬರುವಂತೆ ಕೇಳುವ ಆ ಗಿಟಾರಿನ ಸದ್ದು ಪ್ಲಾಸ್ಟಿಕ್ ತುದಿಯ ಬೆರಳುಗಳಿಂದ ಬಂದದ್ದು. 2025ರ ಜುಲೈ 5ರಂದು ತಮ್ಮೂರಿನ ಕೊನೆಯ ಕಾರ್ಯಕ್ರಮದಲ್ಲೂ ಅದನ್ನು ನುಡಿಸಿದರು. ಹಾಡುಗಾರ ಓಝಿ ಆಸ್ಬೋರ್ನ್ ಅದೇ ತಿಂಗಳು ತೀರಿಕೊಂಡ.

ಅರ್ಧ ಮನುಷ್ಯ, ಅರ್ಧ ಯಂತ್ರ ಅಂದರೆ ಏನೋ ದೂರದ್ದು ಅನ್ನಿಸುತ್ತದೆ. ನಮ್ಮ ಭಾಷೆಗೆ ಅದು ಅಷ್ಟು ದೂರದ್ದಲ್ಲ. ಬಂಡಿಗೂ ಕೀಲು, ಮೊಣಕಾಲಿಗೂ ಕೀಲು. ಹಲ್ಲಿನ ಸೆಟ್ಟು ಹಾಕಿಕೊಂಡವರು ನಮ್ಮೂರಲ್ಲಿ ಎಷ್ಟು ಜನರಿಲ್ಲ? ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್‌ಗೆ ಹೋಗಿ ಕೃತಕ ಕಾಲು ಹಾಕಿಸಿಕೊಂಡು ಬಂದವರು ಈ ಕಡೆ ಇದ್ದಾರೆ. ಕೃತಕ ಪಾದಗಳಲ್ಲಿ ಹೆಸರಾದ ಜೈಪುರ ಪಾದವನ್ನು 1968ರ ಸುಮಾರಿಗೆ ರೂಪಿಸಿದವರು ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ. ಬೂಟು ಬೇಡ, ಬರಿಗಾಲಲ್ಲೇ ಹೊಲಕ್ಕೆ ಹೋಗಬಹುದು, ನೆಲದ ಮೇಲೆ ಕೂತು ಉಣ್ಣಬಹುದು. ಎರೆ ಹೊಲದ ಕೆಸರು ತುಳಿದವರಿಗೆ ಅದರ ಬೆಲೆ ಗೊತ್ತು.

ಎದೆಯೊಳಗೆ ಪೇಸ್‌ಮೇಕರ್ ಇರುವ ಅಜ್ಜಂದಿರೂ ಇದನ್ನು ಓದುತ್ತಿರಬಹುದು. ಎದೆಬಡಿತ ನಿಧಾನವಾದಾಗ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಎಚ್ಚರಿಸುವ ಯಂತ್ರವದು. ಮೈಯೊಳಗೆ ಮೊದಲ ಬಾರಿ ಅದನ್ನು ಕೂಡಿಸಿದ್ದು 1958ರಲ್ಲಿ, ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ. ಅದರ ಹೊರಕವಚ ಎರಕ ಹೊಯ್ಯಲು ಎಂಜಿನಿಯರ್ ಬಳಸಿದ್ದು ಬೂಟ್ ಪಾಲಿಶ್ ಡಬ್ಬಿ! ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮಾತ್ರ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೆಯ ವಯಸ್ಸಿಗೆ ತೀರಿಕೊಂಡರು. (ಅಜ್ಜಂದಿರೇ, ಮೊಬೈಲನ್ನು ಆ ಬದಿಯ ಅಂಗಿ ಕಿಸೆಯಲ್ಲಿ ಇಟ್ಟುಕೊಳ್ಳಬೇಡಿ, ಆರಿಂಚಾದರೂ ದೂರವಿರಲಿ.)

ನಮ್ಮ ಓಣಿಯ ಅಜ್ಜ ಒಬ್ಬರಿಗೆ ಹೋದ ವರ್ಷ ಕಿವಿ ಮಷಿನ್ ಬಂತು. ಹುಡುಗರು 'ರೋಬೋ ಅಜ್ಜ' ಎಂದು ಹೆಸರಿಟ್ಟರು. ಸ್ವಲ್ಪ ದಿನಕ್ಕೆ ಮಷಿನ್ ಡಬ್ಬಿ ಸೇರಿತು. ಯಾಕೆ ಎಂದು ಕೇಳಿದೆ. "ಅದನ್ನ ಹಾಕ್ಕೊಂಡ್ರ ಎಲ್ಲಾ ಕೇಳಸ್ತೈತ್ರಿ. ಗಂಗಾಳದ ಸಪ್ಪಳ, ಫ್ಯಾನಿನ ಸಪ್ಪಳ. ನನ್ನ ಜೋಡಿ ಮಾತಾಡೋರು ಮಾತ್ರ ಯಾರೂ ಇಲ್ಲ" ಎಂದರು. ನನಗೆ ಆ ಹಾಡಿನವನೇ ಎದುರು ಕೂತಂತಾಯಿತು.

ಹುಡುಗರನ್ನು ಕರೆದು ಈ ಕತೆಗಳನ್ನೆಲ್ಲ ಹೇಳಿದೆ. ಕಿವಿ ಮಷಿನ್ ಹಾಕಿದವರ ಹತ್ತಿರ ಒದರಬಾರದು, ಎದುರಿಗೆ ಕೂತು, ಬಾಯಿ ಕಾಣುವಂತೆ, ಸಾವಕಾಶ ಮಾತಾಡಬೇಕು ಎಂದೂ ಹೇಳಿದೆ. ಮರುದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜನೆದುರು ಕೂತು, "ಅಜ್ಜಾ, ಮಷಿನ್ ಹಾಕ್ಕೋರಿ, ಒಂದು ಹಾಡು ಕೇಳಸ್ತೀನಿ" ಎಂದಳು. ಮೊಬೈಲಿನಲ್ಲಿ ಕಬ್ಬಿಣದ ಮನುಷ್ಯ ಹೆಜ್ಜೆ ಹಾಕತೊಡಗಿದ. ಅಜ್ಜ ಕೊನೆಯವರೆಗೂ ಕೇಳಿದರು.

"ಯವ್ವಾ, ಈ ಬಂಡಿಗೆ ಕೀಲೆಣ್ಣಿ ಹಾಕಿಲ್ಲ ಕಾಣಸ್ತೈತಿ" ಎಂದರು. "ಇನ್ನೊಮ್ಮೆ ಹಚ್ಚು."