‘ಪರಿಸರಸ್ನೇಹಿ’ ಮುದ್ರೆಗೆ ಪುರಾವೆಯೂ ಬೇಕು

ಸಾಬೂನಿನಿಂದ ಕೈಚೀಲದವರೆಗೆ ಇಂದು ಅನೇಕ ಸರಕುಗಳ ಮೇಲೆ ‘ಪರಿಸರಸ್ನೇಹಿ’ ಎಂಬ ಮುದ್ರೆ ಕಾಣುತ್ತದೆ. ಗ್ರಾಹಕನು ಅದನ್ನು ನಂಬಿ ನಾಲ್ಕು ಕಾಸು ಹೆಚ್ಚಿಗೆ ತೆರುತ್ತಾನೆ. ಆ ಮಾತು ಹುಸಿಯಾದರೆ ನಷ್ಟ ಅವನೊಬ್ಬನದಲ್ಲ. ಹೆಚ್ಚು ವೆಚ್ಚ ಮಾಡಿ ಪ್ರಾಮಾಣಿಕವಾಗಿ ತಯಾರಿಸುವ ಸಣ್ಣ ಉದ್ಯಮಿಯೂ ಮಾರುಕಟ್ಟೆಯಲ್ಲಿ ಸೋಲುತ್ತಾನೆ.

ಈ ದೃಷ್ಟಿಯಿಂದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಸ್ವಾಗತಾರ್ಹ. ‘ಹಸಿರು’, ‘ಪರಿಸರಸ್ನೇಹಿ’ ಮುಂತಾದ ಪದಗಳನ್ನು ವಿವರಣೆ, ಆಧಾರಗಳಿಲ್ಲದೆ ಬಳಸುವಂತಿಲ್ಲ. ಹೇಳಿಕೆಯು ಇಡೀ ಸರಕಿಗೆ ಅನ್ವಯವೋ, ಹೊದಿಕೆಗೆ ಮಾತ್ರವೋ ಎಂಬುದು ಸ್ಪಷ್ಟವಾಗಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ ದಾರಿತಪ್ಪಿಸುವ ಜಾಹೀರಾತಿಗೆ ತಯಾರಕನು 10 ಲಕ್ಷ ರೂಪಾಯಿವರೆಗೆ ದಂಡ ತೆರಬೇಕಾದೀತು. ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ.

ಕೈಚೀಲದ ನಿದರ್ಶನವನ್ನೇ ನೋಡಬಹುದು. ಕರ್ನಾಟಕದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಗೊಂಡ ಮೇಲೆ ‘ಗೊಬ್ಬರವಾಗುವ’ ಚೀಲಗಳು ಅಂಗಡಿಗಳಿಗೆ ಬಂದವು. ಇವುಗಳ ತಯಾರಕನು ಮಾರಾಟಕ್ಕೆ ಮೊದಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ಎಲೆಯ ಚಿತ್ರ ಮುದ್ರಿಸಿದ ಮಾತ್ರಕ್ಕೆ ಚೀಲ ಗೊಬ್ಬರವಾಗದು. ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯದ ವರ್ತಕನೇ ತಪಾಸಣೆಯ ದಿನ ಉತ್ತರಿಸಬೇಕಾಗುತ್ತದೆ.

ಪರೀಕ್ಷೆಯ ವೆಚ್ಚ ಸಣ್ಣ ಕೈಗಾರಿಕೆಗಳಿಗೆ ಹೊರೆಯೆಂಬುದು ನಿಜ. ಆದರೆ ಎಲ್ಲವನ್ನೂ ಹೇಳಿಕೊಳ್ಳಬೇಕೆಂಬ ನಿರ್ಬಂಧವಿಲ್ಲ. ‘ಈ ಪೆಟ್ಟಿಗೆಯ ರಟ್ಟು ಮರುಬಳಕೆಯದು’ ಎಂಬ ಸಣ್ಣ ಮಾತು, ಖರೀದಿ ರಸೀದಿಗಳಿಂದ ಸಿದ್ಧಪಡಿಸಬಹುದಾದರೆ, ‘ಸಂಪೂರ್ಣ ಹಸಿರು’ ಎಂಬ ಘೋಷಣೆಗಿಂತ ಮೇಲು. ತೂಕ, ಅಳತೆಗಳಲ್ಲಿ ಕಾಯ್ದುಕೊಂಡ ನಂಬಿಕೆಯನ್ನೇ ವರ್ತಕ ಸಮುದಾಯವು ಈ ಮುದ್ರೆಯಲ್ಲಿಯೂ ಕಾಯ್ದುಕೊಳ್ಳುವುದು ಅಗತ್ಯ.