‘ಸ್ವಲ್ಪ ತಿಂದ್ರೆ ಏನಾಗುತ್ತೆ’ ಅನ್ನುವ ಮುಂಚೆ

ಕಳೆದ ತಿಂಗಳು ನಮ್ಮ ಅಕ್ಕನ ಮಗಳ ಜೊತೆ ವರ್ತೂರಿನ ಒಂದು ಸಣ್ಣ ಹೋಟೆಲಿಗೆ ತಿಂಡಿಗೆ ಹೋಗಿದ್ದೆವು. ಅವಳಿಗೆ ಸೀಲಿಯಾಕ್ ಕಾಯಿಲೆ, ಗೋಧಿ ತಿನ್ನುವ ಹಾಗಿಲ್ಲ. ಇಡ್ಲಿ ಅಕ್ಕಿ-ಉದ್ದಿನದು, ತೊಂದರೆಯಿಲ್ಲ ಅಂದುಕೊಂಡೆವು. ಅವಳು ಮಾತ್ರ, “ಅಣ್ಣಾ, ಸಾಂಬಾರಿಗೆ ಯಾವ ಇಂಗು ಹಾಕ್ತೀರಾ?” ಅಂತ ಕೇಳಿದಳು. ಪಕ್ಕದ ಟೇಬಲಿನವರು ನಕ್ಕರು. ನಿಜ ಹೇಳಬೇಕೆಂದರೆ ನಮಗೂ ಮುಜುಗರವಾಯಿತು. ಅಡುಗೆಯವರು ಇಂಗಿನ ಡಬ್ಬಿ ತಂದು ಕೊಟ್ಟರು. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಗೋಧಿ ಹಿಟ್ಟು.

ಅವಳು ಒಗ್ಗರಣೆ ಹಾಕದ ಚಟ್ನಿಯಲ್ಲಿ ಇಡ್ಲಿ ತಿಂದಳು. ನಾವು ತಲೆ ತಗ್ಗಿಸಿ ಸಾಂಬಾರ್ ತಿಂದೆವು.

ಇದು ನಾಜೂಕಿನ ಮಾತಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಸೀಲಿಯಾಕ್ ಇರುವವರಿಗೆ ಅದು ಹೊಟ್ಟೆ ಸೇರಿದರೆ, ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ಬಿಡದ ರಕ್ತಹೀನತೆ, ಮಕ್ಕಳಾದರೆ ಬೆಳವಣಿಗೆ ಕುಂಠಿತ. ಪಥ್ಯವೇ ಮದ್ದು, ಅದೂ ಜೀವನಪೂರ್ತಿ. ‘ಗ್ಲುಟೆನ್ ರಹಿತ’ ಎಂದು ಮಾರಲು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಬಿಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ‘ಸ್ವಲ್ಪ’ ಎಂಬುದಕ್ಕೆ ಇಲ್ಲಿ ಎಷ್ಟು ಜಾಗವಿದೆ, ನೀವೇ ನೋಡಿ.

2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ ಈ ಕಾಯಿಲೆ. ಹಾಗಾಗಿ ನಮ್ಮ ಕಡೆ ಹೆಸರೇ ಗೊತ್ತಿಲ್ಲ. ಆದರೆ ಇಂದು ವರ್ತೂರು, ಗುಂಜೂರು, ಪಾಣತ್ತೂರಿನ ಪಿಜಿಗಳಲ್ಲಿ ಉತ್ತರದವರು ತುಂಬಿದ್ದಾರೆ. ನಮ್ಮ ಮನೆಗಳಲ್ಲೂ ರಾತ್ರಿ ಮುದ್ದೆ ಹೋಗಿ ಚಪಾತಿ ಬಂದಿದೆ.

ರಾಗಿ, ಅಕ್ಕಿ, ಜೋಳದ ನಾಡು ಇಂಥವರಿಗೆ ಸ್ವರ್ಗವಾಗಬೇಕಿತ್ತು. ಗೋಧಿ ಮಾತ್ರ ಕಳ್ಳದಾರಿಯಲ್ಲಿ ಬರುತ್ತದೆ. ರವೆ ಇಡ್ಲಿ, ರವೆ ದೋಸೆ, ಖಾರಾಬಾತ್, ಮದ್ದೂರು ವಡೆ ಎಲ್ಲದರಲ್ಲೂ ಗೋಧಿ. ಗೋಬಿ ಮಂಚೂರಿಗೆ ಮೈದಾ, ಅದರ ಸೋಯಾ ಸಾಸಿನಲ್ಲೂ ಸಾಮಾನ್ಯವಾಗಿ ಗೋಧಿ. ಪೂರಿ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ. ಚಪಾತಿ ಬೇಯಿಸಿದ ಹಂಚಿನಲ್ಲೇ ಅಕ್ಕಿರೊಟ್ಟಿ. ಮಾಲ್ಟ್ ಪುಡಿಗಳಲ್ಲಿ ಬಾರ್ಲಿ.

ಹೋಟೆಲಿನವರ ಕಷ್ಟವೂ ನಮಗೆ ಗೊತ್ತು. ಬೆಳಗಿನ ನೂಕುನುಗ್ಗಲಿನಲ್ಲಿ ಬೇರೆ ಎಣ್ಣೆ, ಬೇರೆ ಹಂಚು ಇಡಲಾಗದು. 10 ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳು ಅಲರ್ಜಿ ಉಂಟುಮಾಡುವ ಪದಾರ್ಥಗಳ ಮಾಹಿತಿ ಕೊಡಬೇಕೆಂಬ ನಿಯಮವಿದೆ. ಸಣ್ಣ ಹೋಟೆಲಿನಿಂದ ನಾವು ಕೇಳುವುದು ಒಂದೇ: ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನಿ. ‘ಏನಿಲ್ಲ, ತಿನ್ನಮ್ಮ’ ಎಂಬ ಪ್ರೀತಿಯ ಸುಳ್ಳಿಗಿಂತ ಅದು ಎಷ್ಟೋ ಮೇಲು. ಡಬ್ಬಿ ತೋರಿಸಿದ ಆ ಅಡುಗೆಯವರು ಮಾಡಿದ್ದು ದೊಡ್ಡ ಉಪಕಾರ.

ಇನ್ನೊಂದು ಮಾತು. ಮಗು ಎಷ್ಟು ತಿಂದರೂ ಸೊರಗುತ್ತಿದ್ದರೆ, ರಕ್ತ ಏರದಿದ್ದರೆ, ಡಾಕ್ಟರ ಹತ್ತಿರ ಈ ಕಾಯಿಲೆಯ ಹೆಸರು ಹೇಳಿ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಮದುವೆ ಮನೆಯಲ್ಲಿ ಯಾರಾದರೂ ಹೋಳಿಗೆ ಬೇಡ ಅಂದರೆ ಒತ್ತಾಯ ಮಾಡಬೇಡಿ. ಒಂದು ಬಾಳೆಹಣ್ಣು ಕೊಡಿ. ಅತಿಥಿ ಸತ್ಕಾರ ಅಂದರೆ ಬಂದವರು ಹುಷಾರಾಗಿ ಮನೆಗೆ ಹೋಗುವುದೂ ಹೌದು.