ಹಚ್ಚೆಯೂ ವಿಭೂತಿಯೂ

ಹಚ್ಚೆ ನಮ್ಮ ಸೀಮೆಗೆ ಹೊಸದಲ್ಲ. ಟಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಿ ಎಂಬತ್ತು ದಾಟಿದ ತಾಯಂದಿರ ಮುಂಗೈ ಮೇಲೆ, ಗದ್ದದ ಮೇಲೆ, ಹುಬ್ಬಿನ ನಡುವೆ ಹಸಿರು ಬೊಟ್ಟುಗಳು ಇನ್ನೂ ಕಾಣುತ್ತವೆ. ಕೊರವಂಜಿ ಊರಿಗೆ ಬಂದಳೆಂದರೆ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂಡುತ್ತಿದ್ದರು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ ಚುಚ್ಚಿ ಅವಳು ತೊಟ್ಟಿಲು, ಚೇಳು, ತುಳಸಿಕಟ್ಟೆ ಬರೆಯುತ್ತಿದ್ದಳು. ನೋವು ಮರೆಯಲೆಂದು ಹಾಡುತ್ತಿದ್ದಳು. ಕೊನೆಗೆ ಅರಿಷಿಣ ಹಚ್ಚುತ್ತಿದ್ದಳು. ಕೂಲಿಯೆಂದರೆ ಒಂದಿಷ್ಟು ಜೋಳ, ಇಲ್ಲವೆ ಒಂದು ಹಳೆಯ ಸೀರೆ. "ಸತ್ತಾಗ ಮೈಮ್ಯಾಲಿನ ಬಂಗಾರ ಬಿಚ್ಕೋತಾರ, ಹಚ್ಚಿ ಅಷ್ಟ ಸಂಗಾಟ ಬರತೈತಿ" ಎಂಬುದು ಆ ತಾಯಂದಿರ ಮಾತು. ಬಡತನದಲ್ಲಿ ಬಾಳಿದವರ ಮಾತದು. ಯಾರೂ ಕಸಿದುಕೊಳ್ಳಲಾಗದ ಒಂದು ಒಡವೆಯಾದರೂ ತನಗಿರಲಿ ಎಂಬ ಆಸೆ ಅದರಲ್ಲಿದೆ. ಅದನ್ನು ಮೌಢ್ಯವೆಂದು ನಗುವವರ ಸಾಲಿನಲ್ಲಿ ನಾವಿಲ್ಲ.

ಈಗಿನ ಹಚ್ಚೆಯ ಬಗೆ ಬೇರೆ. ಹೆಸರೂ ಟ್ಯಾಟೂ ಎಂದಾಗಿದೆ. ಪೇಟೆಯಲ್ಲಿ ಇಂಚಿಗೆ ಇಷ್ಟೆಂದು ಲೆಕ್ಕ. ತೀರಿಹೋದ ತಾಯಿಯ ಹೆಸರು, ಅಪಘಾತದಲ್ಲಿ ಅಗಲಿದ ತಮ್ಮನ ಮುಖ, ಮಗು ಹುಟ್ಟಿದ ತಾರೀಖು ಹೀಗೆ ಬರೆಸಿಕೊಳ್ಳುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾಡಿನ ಎಷ್ಟೋ ಹುಡುಗರ ತೋಳಿನ ಮೇಲೆ ಅವರ ಮುಖ ಮೂಡಿತು. ಮಗನನ್ನು ಕಳೆದುಕೊಂಡ ತಂದೆ ಮುಂಗೈ ಮೇಲೆ ಅವನ ಹೆಸರು ಬರೆಸಿಕೊಂಡು ಬಂದರೆ ಅವನಿಗೆ ಶಾಸ್ತ್ರ ಹೇಳಲು ನಮಗೆ ಬಾಯಿ ಬರುವುದಿಲ್ಲ. ದುಃಖಕ್ಕೆ ಎಲ್ಲಿಯಾದರೂ ಒಂದು ನೆಲೆ ಬೇಕು.

ಆದರೆ ಈಚೆಗೆ ತರುಣರು ಇನ್ನೊಂದು ಪ್ರಶ್ನೆ ತರುತ್ತಿದ್ದಾರೆ. "ಅಪ್ಪಾರ, ಸಿದ್ಧೇಶ್ವರ ಅಪ್ಪಾವ್ರ ಮುಖಾ ತೋಳ ಮ್ಯಾಲ ಬರಸ್ಕೋಬೇಕಂತೀವಿ. ಏನ್ ತಪ್ಪೈತ್ರಿ?" ಭಕ್ತಿಯಿಂದಲೇ ಕೇಳುತ್ತಾರೆ. ಆದಕಾರಣ ಉತ್ತರವನ್ನೂ ವಿಚಾರ ಮಾಡಿಯೇ ಕೊಡಬೇಕು.

ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಮಲ್ಲಿಕಾರ್ಜುನ ಮಹಾಸ್ವಾಮಿಗಳ ಅಡಿಯಲ್ಲಿ ಬೆಳೆದ ಪೂಜ್ಯರು ತಮಗಾಗಿ ಏನನ್ನೂ ಇಟ್ಟುಕೊಳ್ಳಲಿಲ್ಲ. ಅವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಸೈನಿಕ ಶಾಲೆಯ ಬಯಲಿನಲ್ಲಿ ಲಕ್ಷ ಲಕ್ಷ ಜನ ಸಾಲುಗಟ್ಟಿದ್ದನ್ನು ನೀವೆಲ್ಲ ಬಲ್ಲಿರಿ. ಆಗ ಹೊರಬಂದದ್ದು ಅವರು ಮೊದಲೇ ಬರೆದಿಟ್ಟಿದ್ದ ಅಂತಿಮ ಅಭಿವಂದನ ಪತ್ರ. ದೇಹವನ್ನು ಅಗ್ನಿಗೆ ಒಪ್ಪಿಸಿರಿ, ಶ್ರಾದ್ಧಾದಿ ವಿಧಿಗಳು ಬೇಡ, ಭಸ್ಮವನ್ನು ನದಿಗೋ ಸಮುದ್ರಕ್ಕೋ ಬಿಡಿರಿ, ಸ್ಮಾರಕ ಕಟ್ಟಬೇಡಿರಿ ಎಂಬುದು ಅದರ ಸಾರ. ಹೂಳುವುದು ನಮ್ಮ ಸಂಪ್ರದಾಯ. ಗದ್ದುಗೆ ಕಟ್ಟುವುದು ನಮ್ಮ ವಾಡಿಕೆ. ಎರಡನ್ನೂ ಅವರು ತಮ್ಮ ಮಟ್ಟಿಗೆ ಬಿಟ್ಟುಕೊಟ್ಟರು. ಭಸ್ಮವು ಕೂಡಲಸಂಗಮದ ನೀರನ್ನೂ ಗೋಕರ್ಣದ ಕಡಲನ್ನೂ ಸೇರಿತು. ಒಂದು ಕಲ್ಲನ್ನೂ ಬೇಡದೆ ಹೋದವರ ಮುಖವನ್ನು ನಾವು ಚರ್ಮದ ಮೇಲೆ ಕೊರೆಸಿಕೊಂಡರೆ ಅದು ಸಣ್ಣದೊಂದು ಸ್ಮಾರಕವೇ ಅಲ್ಲವೆ? ಅದೂ ಬೇಡವೆಂದವರಿಗೆ ಕಟ್ಟಿದ ಸ್ಮಾರಕ.

ಇನ್ನೊಂದು ಮಾತು. ಇಷ್ಟಲಿಂಗವನ್ನು ನಾವು ಸ್ನಾನ ಮಾಡಿ, ಮಡಿಯಿಂದ ಕರಸ್ಥಲಕ್ಕೆ ತರುತ್ತೇವೆ. ಪೂಜೆಯಾದ ಮೇಲೆ ವಸ್ತ್ರದಲ್ಲಿ ಸುತ್ತಿ ಧರಿಸುತ್ತೇವೆ. ತೋಳಿನ ಮೇಲಿನ ಗುರುವಿನ ಮುಖಕ್ಕೆ ಆ ಆಚಾರವೆಲ್ಲಿ? ಆ ತೋಳು ಜಗಳಕ್ಕೂ ಏಳುತ್ತದೆ, ಬಾರಿಗೂ ಹೋಗುತ್ತದೆ. ವಯಸ್ಸಾಗಿ ಚರ್ಮ ಜೋತುಬಿದ್ದಾಗ ಅದರೊಡನೆ ಆ ಮುಖವೂ ಸುಕ್ಕಾಗುತ್ತದೆ.

ವಿಭೂತಿಯನ್ನು ನೋಡಿರಿ. ಮುಂಜಾನೆ ಹಚ್ಚಿದ್ದು ಹೊಲದ ಬೆವರಿಗೆ ಮಧ್ಯಾಹ್ನದೊಳಗೆ ಕರಗಿಹೋಗುತ್ತದೆ. ಮರುದಿನ ಮತ್ತೆ ಹಚ್ಚಬೇಕು, ಮತ್ತೆ ಶಿವನನ್ನು ನೆನೆಯಬೇಕು. ಅಳಿಯುವುದರಿಂದಲೇ ಅದು ದಿನವೂ ನೆನಪಿಸುತ್ತದೆ. ಹಚ್ಚೆಯನ್ನು ಒಮ್ಮೆ ಬರೆಸಿದರೆ ಮುಗಿಯಿತು. ವರ್ಷ ಕಳೆದರೆ ಕಣ್ಣೆದುರಿದ್ದರೂ ಕಾಣುವುದಿಲ್ಲ. ತಾಯಿಯ ಹೆಸರನ್ನು ಕೈಮೇಲೆ ಹೊತ್ತವನು ಮನೆಯಲ್ಲಿ ಒಬ್ಬನೇ ಕುಳಿತ ತಂದೆಯನ್ನು ಮಾತನಾಡಿಸದಿದ್ದರೆ ಆ ಅಕ್ಷರಗಳು ಯಾರಿಗಾಗಿ?

ಪುನೀತರ ವಿಷಯದಲ್ಲಿಯೂ ತೋಳಿನ ಚಿತ್ರಕ್ಕಿಂತ ದೊಡ್ಡದು ನಡೆದಿದೆ. ಅವರು ತೀರಿದ ಬಳಿಕ ಅವರ ಕಣ್ಣುಗಳಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ದೃಷ್ಟಿ ಬಂತು. ಅದನ್ನು ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರು ಬಹಳ. ಹೆಸರು ಬರೆಸುವುದಿದ್ದರೆ ಅಂಥ ಪುಸ್ತಕದಲ್ಲಿ ಬರೆಸುವುದು ಲೇಸೆಂದು ನಮಗೆ ತೋರುತ್ತದೆ.

ಹಿರಿಯರು ತಿಳಿದಿರಬೇಕಾದ ಲೌಕಿಕ ಸಂಗತಿಗಳೂ ಇವೆ. ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ನಮ್ಮ ದೇಶದ ನಿಯಮವೇ ಹಾಗಿದೆ. ಗುರುವಿನ ಹೆಸರಿನಲ್ಲಿ ಹಚ್ಚೆ ಹಾಕಿಸಿಕೊಂಡ ಹುಡುಗನನ್ನು ಗುರುವಿನ ಪುಣ್ಯಸ್ಮರಣೆಯ ರಕ್ತದಾನ ಶಿಬಿರದಿಂದ ತಿರುಗಿ ಕಳಿಸುತ್ತಾರೆ. ಸೇನೆಗೆ ಸೇರಬೇಕೆಂದು ನಸುಕಿನಲ್ಲಿ ಓಡುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಭರ್ತಿಯಲ್ಲಿ ಮುಂಗೈಯ ಒಳಬದಿ ಮತ್ತು ಹಸ್ತದ ಹಿಂಬದಿಯ ಹಚ್ಚೆಯನ್ನಷ್ಟೇ ಒಪ್ಪುತ್ತಾರೆ. ಪರಂಪರೆಯಿಂದ ಹಚ್ಚೆ ಹಾಕಿಕೊಳ್ಳುವ ಆದಿವಾಸಿಗಳಿಗೆ ಮಾತ್ರ ವಿನಾಯಿತಿ. ಮೇಲ್ದೋಳಿನ ಮೇಲೆ ದೊಡ್ಡ ಮುಖ ಬರೆಸಿದವನು ಅಲ್ಲಿಂದ ಹೊರಬೀಳುತ್ತಾನೆ. ಜಾತ್ರೆಯಲ್ಲಿ ನೆಲದ ಮೇಲೆ ಕುಳಿತು ಒಂದೇ ಸೂಜಿಯಿಂದ ಹತ್ತು ಜನರಿಗೆ ಚುಚ್ಚುವವರಿಂದ ಎಚ್‌ಐವಿಯೂ, ಯಕೃತ್ತನ್ನು ಕೆಡಿಸುವ ಬಿ ಮತ್ತು ಸಿ ಬಗೆಯ ಕಾಮಾಲೆಯೂ ಅಂಟಬಹುದು. ಮುಂದೆ ಬೇಡವಾಗಿ ಲೇಸರಿನಿಂದ ತೆಗೆಸಲು ಹೋದರೆ ಹಲವು ಸಲ ಅಲೆಯಬೇಕು, ಬರೆಸಿದ್ದಕ್ಕಿಂತ ಹೆಚ್ಚು ದುಡ್ಡು ಸುರಿಯಬೇಕು.

ಆದುದರಿಂದ ಮನೆಯ ಹುಡುಗ ಹಟ ಹಿಡಿದರೆ ಬೈಯಬೇಡಿರಿ. ಹತ್ತಿರ ಕೂಡ್ರಿಸಿಕೊಂಡು, "ತಮ್ಮಾ, ಮೊದಲ ಅಪ್ಪಾವ್ರ ಹೆಸರಲೆ ಒಂದ ಬಾಟ್ಲಿ ರಕ್ತಾ ಕೊಟ್ಟ ಬಾ, ಹಚ್ಚಿ ಮಾತ ಆಮ್ಯಾಲ ಆಡೂಣು" ಎಂದು ಹೇಳಿರಿ.